ಬಣ್ಣ ಹೇಳುವವರು

ಮಂಗಳವಾರ ಸಂಜೆ (ಸಂಜೆಯೆಂದರೆ ಇಲ್ಲಿ
ಮೂರೂವರೆಗೇ ಕತ್ತಲು)
ಮಕ್ಕಳನ್ನು ಅವರವರ ಗೇಟಿಗೆ ಇಳಿಸಿ
ಶಾಲೆಯ ಬಸ್ಸನ್ನು ಟ್ರ್ಯಾಕ್ಟರ್ ಶೆಡ್ಡಿನತ್ತ ತಿರುಗಿಸುತ್ತೇನೆ.
ಕೊಲ್ಖೋಜ್ ಹೋಯಿತು, ಟ್ರ್ಯಾಕ್ಟರುಗಳೂ ಹೋದವು,
ಶೆಡ್ಡು ಉಳಿಯಿತು. ಅದರ ಮೂಲೆಯಲ್ಲಿ
ಎಂಡೆಲನ ಕುಲುಮೆ.

ನಾವು ಏಳು ಜನ. ಕೆಲವೊಮ್ಮೆ ಐದು.
ಹೀಯುಮಾ ದ್ವೀಪಕ್ಕೆ ಹಡಗು ನಿಂತ ವಾರ
ಇಬ್ಬರೇ.
ಅಡಿಗಲ್ಲು ಒಂದು; ಸರದಿ ಕಾಯಬೇಕು.
ಕಾಯುವವರು ಇದ್ದಿಲು ಒಡೆಯಬೇಕು,
ವಾಯ್ಕೆ ತಂದ ಕಪ್ಪು ರೊಟ್ಟಿಗೆ ಬೆಣ್ಣೆ ಸವರಬೇಕು,
ಮಸಿಗೈಯಲ್ಲೇ.

ಮೊದಲ ಚಳಿಗಾಲವೆಲ್ಲ ಮೊಳೆ.
ಬರೀ ಮೊಳೆ.
ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗುತ್ತಲ್ಲ, ಎಂದೆ ಒಮ್ಮೆ.
ಕೊಂಡುಕೋ, ಅಂದ ಎಂಡೆಲ್.
ಮತ್ತೇನೂ ಅನ್ನಲಿಲ್ಲ.
ಮರುವಾರ ಬಂದು ಮತ್ತೆ ಮೊಳೆಗೇ ನಿಂತೆ.

ಕಾದಾಗಲೇ ಬಡಿ ಅನ್ನುತ್ತದೆ ಗಾದೆ.
ಎಷ್ಟು ಕಾದಾಗ ಅನ್ನುವುದಿಲ್ಲ.
ಅದು ಗೊತ್ತಿದ್ದದ್ದು ಎಂಡೆಲನ ಕಣ್ಣಿಗೆ,
ಈಗ ಆ ಕಣ್ಣಿಗೆ ಪೊರೆ.
ತಾಲಿನ್ನಿಗೆ ಹೋಗು, ತೆಗೆಸು ಅಂದರೆ
ಹಿಮ ಕರಗಲಿ ಅನ್ನುತ್ತಾನೆ,
ಕರಗಿದ ಮೇಲೆ, ಮೀನಿನ ಕಾಲ ಮುಗಿಯಲಿ.
ಬೆಂಕಿ ಅವನಿಗೀಗ
ಕಿಟಕಿಯಾಚೆ ಯಾರದೋ ಮನೆಯ ದೀಪ.

ಅದಕ್ಕೇ ಕೇಳುತ್ತಾನೆ: ಬಣ್ಣ?
ಕೆಂಪು ಅಂದರೆ ಬೈಗುಳ.
"ಯಾರ ಕೆಂಪು? ಇಟ್ಟಿಗೆಯದೋ,
ನೆಗಡಿಯಾದ ನಿನ್ನ ಮೂಗಿನದೋ?"
ಹೇಯ್ನೊ ಬಲೆ ಬೀಸುವವನು: ಪರ್ಚ್ ಮೀನಿನ ರೆಕ್ಕೆ, ಅನ್ನುತ್ತಾನೆ.
ವಾಯ್ಕೆ ನಲವತ್ತು ವರ್ಷ ಹೆರಿಗೆ ಮಾಡಿಸಿದವಳು:
ಇನ್ನೂ ಅಳದ ಕೂಸು...
ತಿದಿ ಒತ್ತು...
ಹಾಂ, ಅತ್ತಿತು.
ನಾನು: ಬಸ್ಸಿನ ಹಿಂದೀಪ. ತಾಳು.
ಈಗ ಇಂಡಿಕೇಟರು.
ಇಂಡಿಕೇಟರಿಗೆ ತೆಗೆ, ಅನ್ನುತ್ತಾನೆ
ಕಿವಿಯಿಂದ ಬೆಂಕಿ ನೋಡುವವನು.

ಸಮ್ಮಟಿಗೆ ನಮ್ಮ ಕೈಗೆ ಬಂದಿದೆ.
ಅವನದು ಒಂದು ಪುಟ್ಟ ಸುತ್ತಿಗೆ.
ಇಕ್ಕುಳ ಹಿಡಿದ ಎಡಗೈಗೆ ಕಬ್ಬಿಣದ ಉದ್ದಗಲ ಗೊತ್ತು,
ನಡುಗುವ ಬಲಗೈ ಜಾಗ ತೋರಿಸುತ್ತದೆ:
ಟಿಣ್.
ಅಲ್ಲೇ ನಾವು: ಧಣ್.
ಟಿಣ್, ಧಣ್. ಟಿಣ್, ಧಣ್.
ಸುತ್ತಿಗೆ ಅಡ್ಡ ಮಲಗಿತೋ, ನಿಲ್ಲಿಸು.
ಈ ಭಾಷೆಯಲ್ಲಿ ಉಚ್ಚಾರ ತಪ್ಪಿದರೆ
ಹೆಬ್ಬೆರಳು ದಂಡ ಕಟ್ಟುತ್ತದೆ.

ಉಕುವಿಗೆ ಹನ್ನೊಂದು. ನನ್ನ ಬಸ್ಸಿನ ಕೊನೆಯ ಗೇಟು.
ಅವನ ತಾಯಿಯ ಪಾಳಿ ಏಳಕ್ಕೆ ಮುಗಿಯುವುದರಿಂದ
ಮಂಗಳವಾರ ನನ್ನ ಜೊತೆಗೇ ಇರುತ್ತಾನೆ.
ಅಮ್ಮನ ಕೋಟಿಗೆ ಒಂದು ಕೊಕ್ಕೆ ಮಾಡುತ್ತೇನೆ ಅಂದ.
ಮಾಡು, ಅಂದ ಎಂಡೆಲ್. ಬಣ್ಣ?
ಜೌಗಿನ ಕ್ಲೌಡ್‌ಬೆರಿ, ಅಂದ ಹುಡುಗ.
ಹಣ್ಣೋ, ಕಾಯೋ?
ಹಣ್ಣು. ಅಜ್ಜಿಯ ಬಟ್ಟಲಿನಲ್ಲಿ, ಮೇಲೆ ಸಕ್ಕರೆ.
ಮತ್ತೆ?
ಕೊಯ್ದ ರೈ ಹೊಲ, ಬಿಸಿಲು ಓರೆಯಾದಾಗ.
ಮತ್ತೆ?
ಹಾಲು. ಕೆನೆಯಿರುವ ಹಾಲು.
ರೊಟ್ಟಿ ಕೈಯಲ್ಲೇ ಉಳಿಯಿತು ಹೇಯ್ನೊಗೆ.
ಮತ್ತೆ? ಮುದುಕ ಕಣ್ಣು ಮುಚ್ಚಿಕೊಂಡಿದ್ದ.
ನಕ್ಷತ್ರ ಉದುರುತ್ತಿದೆ, ಅಂದ ಉಕು.

ಅಯ್ಯೋ ಎಂದು ನಾವೆಲ್ಲ ಒಟ್ಟಿಗೆ ಕೂಗುವಷ್ಟರಲ್ಲಿ
ಕೊಕ್ಕೆಯ ತುದಿ ಪುರಿಯಂತೆ ಸಿಡಿದುಹೋಗಿತ್ತು.
ಸುಟ್ಟ ಕಬ್ಬಿಣಕ್ಕೆ ಹದವಿಲ್ಲ.
ಇಷ್ಟು ಜನ ದೊಡ್ಡವರಿದ್ದೂ
ತೆಗೆ ಎನ್ನುವುದನ್ನು ಮರೆತಿದ್ದೆವು.

ಗೋಡೆಗೊಂದು ಹಲಗೆಯಿದೆ. ಕೆಡಿಸಿದ್ದೆಲ್ಲ ಅಲ್ಲಿಗೆ,
ಸೀಮೆಸುಣ್ಣದಲ್ಲಿ ಹೆಸರು ಸಮೇತ.
ಹೇಯ್ನೊನ ಚಾಕು. ನನ್ನವು ಮೂರು.
ಎಂಡೆಲ್, ೧೯೬೧: ಲಾಳವಾಗಬೇಕಿದ್ದದ್ದು.
ಅದಕ್ಕೂ ಮೇಲೊಂದು, ಹೆಸರು ಅಳಿಸಿಹೋಗಿದೆ;
ಯಾರದೆಂದು ಅವನು ಹೇಳುವುದಿಲ್ಲ.
ಉಕು ತುದಿಗಾಲಲ್ಲಿ ನಿಂತು ತನ್ನದನ್ನು ನೇತುಹಾಕಿದ.
ಮೊಳೆ ನಾನು ಮಾಡಿದ್ದು, ಸೊಟ್ಟಗಿದೆ,
ಹಿಡಿದಿದೆ.

ಅವನ ಗೇಟಿನಲ್ಲಿ ಬ್ರೇಕು ಒತ್ತಿದೆ.
ಇಳಿದವನು ಮನೆಗೆ ಹೋಗದೆ
ಬಸ್ಸಿನ ಹಿಂದೆ ಹಿಮದಲ್ಲಿ ನಿಂತು
ಕೂಗಿದ:
ಉರ್ವೆ ಅತ್ತೆ, ಇದಿನ್ನೂ ಕಾದಿಲ್ಲ,
ಎರಡು ನಿಮಿಷ ಬೇಕು!