ತಪಾಸಣೆ

ಇಪ್ಪತ್ತೆರಡು ಮಂದಿ, ಎಲ್ಲರೂ ನಿವೃತ್ತ ಕಂಡಕ್ಟರುಗಳು.
ಶಾಂತಿನಗರದಿಂದ ಮುಬೀನಾ ಒಬ್ಬೊಬ್ಬರನ್ನೇ ಒಪ್ಪಿಸಿ ಕರೆತಂದಳು.
ಬೆಲ್ಟು, ಉಂಗುರ, ಬೆಳ್ಳಿ ಉಡುದಾರ ಬಿಚ್ಚಿಸಿ
ಕೊಳವೆಯೊಳಗೆ ಮಲಗಿಸಿ
ಕಿವಿಗೆ ಸೀಟಿ ಊದಿದೆವು.
ಒಂದಕ್ಕೆ ಹೋಲ್ಡಾನ್, ಎರಡಕ್ಕೆ ರೈಟ್.

ಯಂತ್ರ ಮಿದುಳನ್ನು ಕೊಬ್ಬರಿ ಮಿಠಾಯಿಯ ಹಾಗೆ
ಲಕ್ಷ ತುಂಡು ಕೊಯ್ಯುತ್ತದೆ.
ತುಂಡು ತುಂಡಿಗೂ ಅದೇ ಪ್ರಶ್ನೆ: ನಿನಗೇನಾದರೂ ಆಯಿತೆ?
ನೂರರಲ್ಲಿ ಐದು ಸುಳ್ಳು ಹೌದನ್ನು ಸೈರಿಸುವುದು
ನಮ್ಮ ಕಸುಬಿನ ಔದಾರ್ಯ.
ಎಲ್ಲ ತುಂಡುಗಳೂ ನಿದ್ದೆಯಲ್ಲಿದ್ದರೂ
ಐದು ಸಾವಿರ ದೀಪ ಹೊತ್ತುತ್ತವೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಅನ್ನುತ್ತಾರಲ್ಲ,
ಅದು ಒಂದು ಕಾಗೆಯ ಮಾತು.
ಲಕ್ಷ ಕಾಗೆ ಕೂತ ಮೇಲೆ
ಕೊಂಬೆ ಮುರಿಯದಿದ್ದರೇ ಸೋಜಿಗ.

ತೆರೆ ತುಂಬ ಕೆಂಪು, ಹಳದಿ.
ಅದರಲ್ಲೊಂದು ಚುಕ್ಕೆ ಮುಬೀನಾಗೆ ಇಷ್ಟ:
ನೆನಪಿನ ಜಾಗದ ಹತ್ತಿರ, ಗೋಡಂಬಿ ಚೂರಿನಷ್ಟು.
ಪ್ರಬಂಧಕ್ಕೆ ಆಗಲೇ ಹೆಸರಿಟ್ಟಿದ್ದಳು.

ನೂರಕ್ಕೆ ಐದನ್ನು ಲಕ್ಷದಿಂದ ಭಾಗಿಸಿದೆ.
ಬೆಸ್ಕಾಂನವರು ಕರೆಂಟು ತೆಗೆದಂತೆ
ಬಡಾವಣೆ ಬಡಾವಣೆಯೇ ಕಪ್ಪು.
ಎರಡು ಕಿವಿಯ ಮೇಲ್ಗಡೆ ಮಾತ್ರ ಒಂದೊಂದು ದೀಪ.
ಅರ್ಥ, ಅವರಿಗೆ ಸೀಟಿ ಕೇಳಿಸಿತು.
ಅಷ್ಟೇ.
ಮುಬೀನಾ ಏನೂ ಅನ್ನಲಿಲ್ಲ.
ಕಾಗದದ ಲೋಟದ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಕಚ್ಚಿ ಹರಿದಳು.

ಓಡಾಟದ ಖರ್ಚು ಮುನ್ನೂರು ತೆಗೆದುಕೊಳ್ಳಲು ಬಂದ ರುದ್ರಮುನಿ ಕೇಳಿದರು,
'ನನ್ನ ತಲೇಲಿ ಏನು ಸಿಕ್ತು ಮೇಡಂ?'
ತಡವರಿಸುತ್ತ ಹೇಳಿದೆ.
ಅರ್ಧಕ್ಕೇ ತಡೆದರು: 'ಅಂದ್ರೆ, ಚೆಕಿಂಗ್‌ನೋರು ಹತ್ತಿದ್ರು.'
'ಹೌದು.'
'ಲಕ್ಷ ಜನ ಇರೋ ಬಸ್ಸಿಗೆ.'
'ಹೌದು.'
ನೋಟುಗಳನ್ನು ಉದ್ದಕ್ಕೆ ಮಡಿಸಿ
ಬೆರಳ ಸಂದಿಗೆ ಸಿಕ್ಕಿಸಿಕೊಂಡರು, ಹಳೇ ಚಾಳಿ.
'ಟಿಕೆಟ್ ತಗೊಂಡೋನನ್ನೂ ಇಳಿಸ್ತಾರೆ, ಕೆಲವು ಸಲ.
ನಾನೇ ಹರಿದು ಕೊಟ್ಟಿರ್ತೀನಿ.
ಡೇರಿ ಸರ್ಕಲ್ ತಿರುವಲ್ಲಿ ಕಿಟಕಿಯಿಂದ ಹಾರಿಹೋಗಿರತ್ತೆ.
ನನ್ನ ಸಾಕ್ಷಿ ಅವರಿಗೆ ಬೇಡ, ಚೀಟಿ ಬೇಕು.'

ಕಪ್ಪು ಚಿತ್ರವನ್ನೇ ಅಚ್ಚಿಗೆ ಕಳಿಸಿದೆವು. ಸರಿಯಾದದ್ದೂ ಅದೇ.
ಗೋಡಂಬಿ ಚೂರು ಸುಳ್ಳೆಂದು ನಾನು ಹೇಳಿಲ್ಲ.
ಅದರ ಕೈಯಲ್ಲಿ ಚೀಟಿ ಇರಲಿಲ್ಲ.

ಸಂಜೆ ಬನಶಂಕರಿ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು.
ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟನ್ನು
ವಾಚಿನ ಪಟ್ಟಿಯಡಿ ಸಿಕ್ಕಿಸಿ
ಮೇಲೆ ಅಂಗೈ ಮುಚ್ಚಿದೆ.
ತಿರುವು ಬರುತ್ತಿತ್ತು.