ಇರಬಹುದು

ತ್ಬಿಲಿಸಿಯ ಮೆಟ್ರೊ ತಳದಲ್ಲಿ ಒಂದು ಗಾಜಿನ ಗೂಡು.
ಒಳಗೆ ಎತೇರಿ. ಓಡುವ ಮೆಟ್ಟಿಲು ಕಾಯುವುದು ಕೆಲಸ,
ಯಾರಾದರೂ ಬಿದ್ದರೆ ಕೆಂಪು ಗುಂಡಿ ಒತ್ತುವುದು.

ಮುಟ್ಟು ನಿಂತು ಹದಿನಾಲ್ಕು ತಿಂಗಳು.
ಕಾಲುಗಳಿಗೆ ಯಾರೂ ಹೇಳಿಲ್ಲ ಅದನ್ನು.
ನಡುರಾತ್ರಿ ಮೀನಖಂಡವನ್ನು ಯಾರೋ
ಒದ್ದೆ ಬಟ್ಟೆಯ ಹಾಗೆ ಹಿಂಡುತ್ತಾರೆ.

ಹಾರ್ಮೋನು ಇಳಿದಿರಬಹುದು, ಅಂದರು ಡಾಕ್ಟರಮ್ಮ.
ಕಬ್ಬಿಣ ಕಡಿಮೆ ಇರಬಹುದು. ಕೂತೂ ಕೂತೂ
ರಕ್ತನಾಳ ಉಬ್ಬಿರಬಹುದು. ಸೊಂಟದ ನರ?
ಅದೂ ಇರಬಹುದು.
ಪರೀಕ್ಷೆಗೆ ಚೀಟಿ ಬರೆದರು.

ಎತೇರಿ ಕೇಳಿದಳು:
ಇಪ್ಪತ್ತೆರಡು ವರ್ಷ ಊರಿಗೆ ಊರೇ
ನನ್ನೆದುರು ಹತ್ತಿ ಹೋಯಿತು, ಕಾಲೆತ್ತದೆ.
ಅವರು ನಡೆಯದ ಮೆಟ್ಟಿಲೆಲ್ಲ
ನನ್ನ ಕಾಲಿಗೆ ಬಂದಿರಬಹುದೆ?

ಡಾಕ್ಟರಮ್ಮ ನಗಲಿಲ್ಲ.
ಮೇಜಿನಡಿ
ಅವರ ಷೂ ಕಳಚಿ ಬಿದ್ದ ಸದ್ದು.