ಕಚ್ಚು

ಹೊಸ ಬೇಸಿನ್ ಕೂರಿಸಿ, ನಲ್ಲಿ ತಿರುಗಿಸಿ,
ಅನ್ಸೆಲ್ಮು ಅದರಲ್ಲೇ ಮೊದಲ ಸಲ
ಕೈ ತೊಳೆದುಕೊಂಡ.
"ಡ್ರಾಯರು ಮುಚ್ಚೋದಿಲ್ಲ, ದೋನಾ ಡೆಲ್ಫೀನಾ.
ಅದು ಬಡಗಿಯ ಕೆಲಸ" ಎಂದು
ಇನ್ನೊಮ್ಮೆ ಕೈ ತೊಳೆದುಕೊಂಡ.

ನಿಜ. ಮೇಲಿನ ಡ್ರಾಯರು ನಾಲ್ಕು ಬೆರಳು ಹೊರಗೆ,
ಹೇಳಬೇಕಾದ್ದು ಮರೆತುಹೋದ ನಾಲಗೆಯ ಹಾಗೆ.

ಹಳೆಯ ಪೈಪು ಗೋಡೆಗೆ ಬೆನ್ನು ಹಚ್ಚಿ
ನೆಟ್ಟಗೆ ನೆಲಕ್ಕಿಳಿಯುತ್ತಿತ್ತು,
ಬಾಡಿಗೆಯವನಂತೆ, ಯಾರ ತಂಟೆಗೂ ಹೋಗದೆ.
ಹೊಸದು ಹಾಗಲ್ಲ. ಲಾಳದಂತೆ ಬಾಗಿ,
ಇಳಿದು, ಮತ್ತೆ ಏರಿ,
ಹೊಟ್ಟೆಯಲ್ಲಿ ಸದಾ ಒಂದು ಗುಟುಕು ನೀರಿಟ್ಟುಕೊಂಡು
ನನ್ನ ಡ್ರಾಯರಿನೊಳಗೆ ಮೂಗು ತೂರಿಸಿದೆ.
ಆ ಒಂದು ಗುಟುಕೇ ಚರಂಡಿಯ ನಾತ ತಡೆಯುವುದಂತೆ.
ಇರಲಿ, ಅದಕ್ಕೂ ಒಂದು ಕೆಲಸ.

ಇದೇ ಪೋರ್ಟೊ ಊರಿನಲ್ಲಿ ಇಪ್ಪತ್ತಾರು ವರ್ಷ
ಟ್ರಾಮ್ ಓಡಿಸಿದವಳು ನಾನು.
ಹಳಿ ಬಿಟ್ಟು ಕೂದಲೆಳೆಯಷ್ಟೂ ಸರಿದವಳಲ್ಲ.
ಮೀನಿನ ಲಾರಿ ಅಡ್ಡ ನಿಂತರೆ ಗಂಟೆ ಬಾರಿಸುವುದು,
ಬಾರಿಸುತ್ತಲೇ ಇರುವುದು.
ಬಳಸಿಕೊಂಡು ಹೋಗುವುದು ಬೇರೆಯವರ ಪಾಡು.
ಈಗ ಪೈಪಿಗೆ ಗಂಟೆ ಬಾರಿಸಲೇ?

ಬಡಗಿಗೆ ಫೋನು ಮಾಡಲಿಲ್ಲ.
ಡ್ರಾಯರು ಕಳಚಿ ಅಡುಗೆಮನೆಯ ಮೇಜಿನ ಮೇಲೆ
ಬೋರಲು ಹಾಕಿದೆ. ಉದುರಿದವು
ತುಕ್ಕು ಹಿಡಿದ ಹೇರ್‌ಪಿನ್ನು,
ಅವಧಿ ಮುಗಿದ ಕೆಮ್ಮಿನ ಗುಳಿಗೆ,
ರಾಮಿರು ಬಿಟ್ಟುಹೋದ ಕ್ಷೌರದ ಬ್ರಷ್ಷು.
ಹೋದದ್ದು ಸ್ವರ್ಗಕ್ಕಲ್ಲ,
ಹೊಳೆಯಾಚೆ, ಇನ್ನೊಬ್ಬಳ ಮನೆಗೆ.
ಕಿಟಕಿಯಿಂದ ಕಾಣುತ್ತದೆ, ಅವರ ತಾರಸಿ.

ಅಳೆದೂ ಸುರಿದೂ ಪೆನ್ಸಿಲಿನಲ್ಲಿ ಲಾಳ ಬರೆದೆ.
ಸಣ್ಣ ಗರಗಸ.
ಚಿಕ್ಕಮ್ಮನ ಮದುವೆಗೆ ಬಂದ ಪೆಟ್ಟಿಗೆಯಂತೆ ಇದು,
ಆಮೇಲೆ ಬಟ್ಟೆಯ ಬೀರು,
ಆಮೇಲೆ ತಲೆ ಕೊರೆಸಿಕೊಂಡು ಬಚ್ಚಲಿಗೆ ಬಂತು.
ಅರವತ್ತು ವರ್ಷ ಒಣಗಿದ ಚೆಸ್ಟ್‌ನಟ್ ಮರ
ಕೊಯ್ದರೆ ಹಸಿ ಹಸಿ ವಾಸನೆ.
ಎಲ್ಲಿ ಬಚ್ಚಿಟ್ಟುಕೊಂಡಿತ್ತೋ.

ಒಳಗೆ ತಳ್ಳಿದೆ.
ಟಕ್.

ಪೈಪು ಎಡಕ್ಕೆ. ಕಚ್ಚು ಬಲಕ್ಕೆ.
ಬೋರಲು ಹಾಕಿ ಅಳೆದಿದ್ದೆನಲ್ಲ!

ಗೊತ್ತಿದ್ದ ಸಂತರ ಹೆಸರನ್ನೆಲ್ಲ ಕೂಗಿದೆ,
ಭಕ್ತಿಯಿಂದಲ್ಲ.
ಮತ್ತೆ ಪೆನ್ಸಿಲು, ಮತ್ತೆ ಗರಗಸ. ರಾತ್ರಿ ಹನ್ನೊಂದು.
ಕೆಳಮನೆಯ ಗ್ರಾಸಿಂಡಾ ಪೊರಕೆಯ ಹಿಡಿಯಿಂದ
ತನ್ನ ಸೂರು ಕುಟ್ಟಿದಳು.
ಅವಳ ಗಂಟೆ ಅದು. ಬಾರಿಸಲಿ.
ನಾನು ಕೊಯ್ಯುತ್ತಲೇ ಇದ್ದೆ.

ಕಚ್ಚಿನ ಅಂಚಿನ ಹಿಟ್ಟು ಗುಡಿಸಲು
ರಾಮಿರುವಿನ ಬ್ರಷ್ಷು ಬಹಳ ಚೆನ್ನಾಗಿದೆ.

ಈಗ ಮುಚ್ಚುತ್ತದೆ. ಕೊನೆಯಲ್ಲಿ ಸ್ವಲ್ಪ ಎತ್ತಿ ತಳ್ಳಬೇಕು,
ಅದು ನನಗೆ ಮಾತ್ರ ಗೊತ್ತು.
ಹಲ್ಲುಜ್ಜಿ ಉಗುಳಿದರೆ ನೀರು
ಪಿನ್ನು, ಬಾಚಣಿಗೆ, ಗುಳಿಗೆಗಳ ನಡುವೆ
ಗುಳುಗುಳು ಎನ್ನುತ್ತ ಹಾದುಹೋಗುತ್ತದೆ,
ಒಂದು ಹನಿಯೂ ತಾಗದೆ.

ಬಲಗಡೆಯ ಕಚ್ಚು ಹಾಗೇ ಇದೆ.
ಮುಚ್ಚಿಸಲಿಲ್ಲ, ವಾರ್ನಿಶ್ ಹಚ್ಚಿದೆ.
ಅಲ್ಲಿಗೆ ಯಾವ ಪೈಪೂ ಬರುವುದಿಲ್ಲ.
ಬಂದರೆ
ದಾರಿ ಇದೆ.